ಸ್ಲಿಪ್ ಡಿಸ್ಕ್‌ಗೆ ಫಿಸಿಯೋಥೆರಪಿ

ಬೆನ್ನುಮೂಳೆಯ ಡಿಸ್ಕ್‌ನ ಹೊರ ಉಂಗುರ ಬಿರಿದು, ಒಳಗಿನ ಲೋಳೆಯಂಥ ತಿರುಳು ಚಾಚಿಕೊಂಡು ನರವನ್ನು ಒತ್ತಿದಾಗ, ಮುಖ್ಯವಾಗಿ ವ್ಯಾಯಾಮದಿಂದ ನೋವು ತಗ್ಗಿಸಿ ಚಲನೆಯನ್ನು ಮರಳಿಸುವ ಶಸ್ತ್ರರಹಿತ ಚಿಕಿತ್ಸೆ. ತೊಂದರೆ ಹೆಚ್ಚಾಗಿ ಸೊಂಟದ ಕೊನೆಯ ಎರಡು ಡಿಸ್ಕ್‌ಗಳಲ್ಲಿ ಕಾಣಿಸಿಕೊಂಡು ಪೃಷ್ಠದಿಂದ ಪಾದದವರೆಗೆ ಸೆಳೆಯುತ್ತದೆ. ಡಿಸ್ಕ್‌ಗೂ ಕಾಲುನೋವಿಗೂ ಇರುವ ನಂಟನ್ನು 1934ರಲ್ಲಿ ಬೋಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ನಿರೂಪಿಸಿದ ಬಳಿಕ ಶಸ್ತ್ರಚಿಕಿತ್ಸೆ ಹಬ್ಬಿತು. ವ್ಯಾಯಾಮ ಪದ್ಧತಿಗಳಲ್ಲಿ ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿಯದು ಪ್ರಸಿದ್ಧ: ರೋಗಿ ಬೋರಲು ಮಲಗಿ, ಸೊಂಟವನ್ನು ನೆಲಕ್ಕೇ ಬಿಟ್ಟು, ಅಂಗೈ ಊರಿ ಎದೆಯನ್ನಷ್ಟೇ ಎತ್ತುತ್ತಾನೆ, ನೋವು ಕಾಲಿನಿಂದ ಸೊಂಟದತ್ತ ಹಿಂದೆಗೆದರೆ ಅದು ಶುಭಲಕ್ಷಣ.

ವ್ಯಾಯಾಮದಿಂದ ಡಿಸ್ಕ್ ಇನ್ನಷ್ಟು ಹೊರಬರುತ್ತದೆಂಬ ಭಯ ಸಹಜ. ಆದರೆ ಚಾಚಿದ ತಿರುಳನ್ನು ದೇಹವೇ ಎಷ್ಟೋ ಸಲ ಹೀರಿಕೊಳ್ಳುತ್ತದೆ; ಬಹುಪಾಲು ರೋಗಿಗಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ದೀರ್ಘಕಾಲ ಮಲಗಿರುವುದರಿಂದ ಸ್ನಾಯುಗಳೇ ಸೊರಗುತ್ತವೆ. ಶಸ್ತ್ರಚಿಕಿತ್ಸೆ ಬೇಗ ಉಪಶಮನ ನೀಡುತ್ತದೆಂಬ ವಾದವೂ ನಿಜವೇ. ಆದರೆ 1983ರಲ್ಲಿ ಪ್ರಕಟವಾದ ನಾರ್ವೆಯ ವೆಬರ್ ಅಧ್ಯಯನದಲ್ಲಿ ಮೊದಲ ವರ್ಷ ಕಂಡ ಆ ಮೇಲುಗೈ ನಾಲ್ಕನೆಯ ವರ್ಷಕ್ಕೆ ಗಣನೀಯವಾಗಿ ಉಳಿಯಲಿಲ್ಲ. ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಇಟ್ಟಿಗೆ, ಹೆಂಚಿನ ಕೆಲಸದವರಿಗೂ ಕೋಲಾರದ ಮಾರುಕಟ್ಟೆಯಲ್ಲಿ ಸುಮಾರು 15 ಕಿಲೋದ ಟೊಮೆಟೊ ಬಾಕ್ಸ್ ಎತ್ತುವ ಹಮಾಲರಿಗೂ, ಶಸ್ತ್ರಚಿಕಿತ್ಸೆಯಿಲ್ಲದೆಯೂ ಚೇತರಿಸಿಕೊಳ್ಳಬಹುದೆಂಬ ಈ ಅಂಶ ಮಹತ್ವದ್ದು. ಕೂಲಿ ಬಿಟ್ಟು ತಿಂಗಳುಗಟ್ಟಲೆ ಮಲಗಲಾಗದ ಇವರಿಗೆ ಮನೆಯಲ್ಲೇ ಮಾಡಬಹುದಾದ ವ್ಯಾಯಾಮ, ಮಂಡಿ ಮಡಚಿ ಹೊರೆಯನ್ನು ಮೈಗೆ ಹತ್ತಿರವಿಟ್ಟು ಎತ್ತುವ ಕ್ರಮ, ಹಂತಹಂತವಾಗಿ ಕೆಲಸಕ್ಕೆ ಮರಳುವುದು ಚಿಕಿತ್ಸೆಯ ತಿರುಳಾಗಬೇಕು. ಶಾಖ, ಟ್ರಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವುದು) ಇವುಗಳ ಪರಿಣಾಮ ಅಲ್ಪಕಾಲಿಕ. ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ತೊಡೆಸಂದಿ ಜೋಮುಗಟ್ಟುವುದು, ಪಾದ ಸೋತು ಬೀಳುವುದು ಕಂಡರೆ ಮಾತ್ರ ವ್ಯಾಯಾಮಕ್ಕೆ ಕಾಯದೆ ತಕ್ಷಣ ಶಸ್ತ್ರವೈದ್ಯರನ್ನು ಕಾಣಬೇಕಾಗುತ್ತದೆ.