ಅಂಕೋರ್ ವಾಟ್‌ನ ಕಂದಕ: ಮಳೆಗಾಲಕ್ಕೆ ಮುನ್ನ

ಕಾಂಬೋಡಿಯದ ಖ್ಮೇರ್ ದೊರೆ ಎರಡನೆಯ ಸೂರ್ಯವರ್ಮನು 12ನೆಯ ಶತಮಾನದ ಮೊದಲರ್ಧದಲ್ಲಿ ವಿಷ್ಣುವಿಗಾಗಿ ಕಟ್ಟಿಸಿದ ಅಂಕೋರ್ ವಾಟ್ ದೇವಾಲಯವನ್ನು ಸುಮಾರು 190 ಮೀಟರ್ ಅಗಲದ ಕಂದಕವು ಸುತ್ತುವರಿದಿದೆ. ಮೇರುಪರ್ವತವನ್ನು ಬಳಸಿದ ಸಮುದ್ರದ ಪ್ರತೀಕವಿದು ಎಂದು ವಿದ್ವಾಂಸರು ಅರ್ಥೈಸುತ್ತಾರಾದರೂ, ಇದರ ಇನ್ನೊಂದು ಕೆಲಸ ಇನ್ನೂ ಹೆಚ್ಚು ಗಮನಾರ್ಹವಾದುದು. ಕುಲೇನ್ ಬೆಟ್ಟದ ಕಡೆಯಿಂದ ತಂದ ಮರಳುಗಲ್ಲಿನ ಈ ಅಗಾಧ ಕಟ್ಟಡವು ಬಂಡೆಯ ಮೇಲಲ್ಲ, ದಮ್ಮಸ್ಸು ಮಾಡಿದ ಮರಳಿನ ತಳಪಾಯದ ಮೇಲೆ ನಿಂತಿದ್ದು, ಆ ಮರಳಿನ ಬಿಗಿ ಉಳಿಯಬೇಕಾದರೆ ನೆಲದೊಳಗಿನ ತೇವ ಆರಬಾರದು. ಕಂದಕದ ನೀರು ಅಂತರ್ಜಲದ ಮಟ್ಟವನ್ನು ಕಾಯ್ದು ಆ ತೇವವನ್ನು ಉಳಿಸುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣಹವೆಯ ಕೊನೆಯಲ್ಲಿ, ನೈಋತ್ಯ ಮಾರುತವು ಮೇ ತಿಂಗಳಲ್ಲಿ ಮಳೆ ತರುವುದಕ್ಕೆ ಮುನ್ನ ಬರುವ ಸಂದರ್ಶಕರಿಗೆ ನೀರು ಇಳಿದು ದಡದ ಮೆಟ್ಟಿಲುಗಳು ಹೆಚ್ಚಾಗಿ ಕಾಣಸಿಗುತ್ತವೆ: ಕೆಳಗಿನ ಸಾಲುಗಳು ಜಂಬಿಟ್ಟಿಗೆಯವು, ಅಂದರೆ ಸಣ್ಣ ತೂತುಗಳಿರುವ ಕೆಂಪು ಮುರಕಲ್ಲಿನವು, ಮೇಲಂಚು ಮಾತ್ರ ಮರಳುಗಲ್ಲಿನದು. ಗೋಪುರಗಳ ಸೊಬಗಿಗೆ ಸಲ್ಲುವ ಮೆಚ್ಚುಗೆ ನೀರನ್ನು ಇಷ್ಟು ಚೆನ್ನಾಗಿ ಅರಿತಿದ್ದ ಈ ನಿರ್ಮಾಣಕೌಶಲಕ್ಕೂ ಸಲ್ಲಬೇಕು. ಮೆಟ್ಟಿಲುಗಳ ಕಲ್ಲು ಕೆಲವೆಡೆ ಸಡಿಲಗೊಂಡಿರುವುದರಿಂದ ಸಂದರ್ಶಕರು ಅವುಗಳ ಮೇಲೆ ಇಳಿಯದೆ, ಕಂದಕವನ್ನು ದಾಟುವ ಕಲ್ಲುಹಾಸಿನ ದಾರಿಯಿಂದಲೇ ನೋಡಬೇಕೆಂದು ಕೋರಲಾಗಿದೆ.