ಪುಕ್ಕಟೆ ಸೈಟಿನಲ್ಲಿ ಎದ್ದ ಊರು

ಹೋದ ತಿಂಗಳು ಪಕ್ಕದೂರಿನ ನಿವೃತ್ತ ಮೇಷ್ಟ್ರು ಫೋನ್ ಮಾಡಿದ್ದರು. ಊರಿನ ಕೆರೆ, ಗುಡಿ, ವೀರಗಲ್ಲುಗಳ ಬಗ್ಗೆ ಅವರು ಬರೆದಿಟ್ಟ ನೋಟ್‌ಬುಕ್‌ಗಳು ಒಂದು ಟ್ರಂಕಿನ ತುಂಬ ಇವೆ. 'ಇದಕ್ಕೊಂದು ವೆಬ್‌ಸೈಟ್ ಮಾಡ್ಬೇಕು ಕಣ್ರಪ್ಪಾ, ಪುಕ್ಕಟೆ ಎಲ್ಲಿ ಸಿಗುತ್ತೆ?' ಅಂದರು. ಸಿಗುತ್ತೆ ಸಾರ್, ನೋಡಿ ಹೇಳ್ತೀವಿ ಅಂದೆವು. ಫೋನ್ ಇಟ್ಟ ಮೇಲೆ ನಮಗೇ ಸಮಾಧಾನವಾಗಲಿಲ್ಲ. ಪುಕ್ಕಟೆ ಸೈಟಿನಲ್ಲಿ ಮನೆ ಕಟ್ಟಿದವರ ಒಂದು ದೊಡ್ಡ ಕಥೆ ಇದೆ. ಮೊದಲು ಅದನ್ನು ಹೇಳಿಬಿಡೋಣ.

ನೀವು ಫೋನಿನಲ್ಲಿ ತೆರೆಯುವ ಪ್ರತಿ ಪುಟವೂ ಎಲ್ಲೋ ಒಂದು ಕಡೆ, ಹಗಲು ರಾತ್ರಿ ಆರದ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಆ ಕಂಪ್ಯೂಟರ್ ಸರ್ವರ್. ಅದರಲ್ಲಿ ಜಾಗ ಕೊಡುವುದೇ ಹೋಸ್ಟಿಂಗ್. ಜಗತ್ತಿನ ಮೊದಲ ವೆಬ್ ಸರ್ವರ್ ಇದ್ದದ್ದು ಜಿನೀವಾ ಹತ್ತಿರದ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ, ಟಿಮ್ ಬರ್ನರ್ಸ್-ಲೀ ಅವರ ಮೇಜಿನ ಕಂಪ್ಯೂಟರಿನಲ್ಲಿ. ಯಾರಾದರೂ ಸ್ವಿಚ್ ಆರಿಸಿಬಿಟ್ಟಾರು ಅಂತ ಅವರು ಅದಕ್ಕೆ ಒಂದು ಚೀಟಿ ಅಂಟಿಸಿದ್ದರು: ಇದು ಸರ್ವರ್, ಆಫ್ ಮಾಡಬೇಡಿ. ಪಂಪ್‌ಸೆಟ್ಟಿನ ಸ್ಟಾರ್ಟರ್ ಮೇಲೆ ನಾವು ಬರೆಯುವ ಹಾಗೇ. ಆ ಚೀಟಿ ಅಂಟಿದ ಯಂತ್ರ ಈಗಲೂ ಇದೆ.

1993ರ ಏಪ್ರಿಲ್ 30ರಂದು ಸರ್ನ್ ಈ ವೆಬ್ ತಂತ್ರಜ್ಞಾನವನ್ನು ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು ಎಂದು ಬಿಟ್ಟುಕೊಟ್ಟಿತು. ಆದರೆ ಸಾಮಾನ್ಯ ಜನ ಸರ್ವರ್ ಎಲ್ಲಿಂದ ತರಬೇಕು? ವಿಶ್ವವಿದ್ಯಾಲಯದವರಿಗೆ, ದೊಡ್ಡ ಕಂಪನಿಯವರಿಗೆ ಮಾತ್ರ ಅದು ಸಾಧ್ಯವಿತ್ತು.

ಅಲ್ಲಿಗೆ ಬಂದವರು ಅಮೆರಿಕದ ಕ್ಯಾಲಿಫೋರ್ನಿಯಾದ ಡೇವಿಡ್ ಬೊನೆಟ್ ಮತ್ತು ಜಾನ್ ರೆಜ್ನರ್. 1994ರಲ್ಲಿ ಅವರು ಶುರುಮಾಡಿದ ಕಂಪನಿ ಮುಂದೆ ಜಿಯೋಸಿಟೀಸ್ ಎಂದು ಹೆಸರಾಯಿತು. ಯಾರಿಗೆ ಬೇಕಾದರೂ ಪುಕ್ಕಟೆ ಜಾಗ. ಅದನ್ನು ಹಂಚಿದ ರೀತಿಯೇ ಚೆಂದ. ಇಡೀ ಜಾಗವನ್ನು ಬಡಾವಣೆಗಳಾಗಿ ಮಾಡಿದರು. ಸಿನಿಮಾ ಪ್ರಿಯರಿಗೆ ಹಾಲಿವುಡ್, ಕಂಪ್ಯೂಟರಿನವರಿಗೆ ಸಿಲಿಕಾನ್ ವ್ಯಾಲಿ, ಓದು ಬರಹದವರಿಗೆ ಅಥೆನ್ಸ್, ಮನೆ ಸಂಸಾರದ ಸುದ್ದಿಗೆ ಹಾರ್ಟ್‌ಲ್ಯಾಂಡ್. ಬೀದಿ ಆರಿಸಿ, ಖಾಲಿ ಇರುವ ಮನೆ ನಂಬರ್ ಹಿಡಿದು ಪುಟ ಕಟ್ಟುವುದು. ಹೀಗೆ ಬಂದವರನ್ನು ಹೋಮ್‌ಸ್ಟೆಡರ್ ಅಂತ ಕರೆಯುತ್ತಿದ್ದರು. ನಮ್ಮ ಮಾತಿನಲ್ಲಿ ಬಗರ್ ಹುಕುಂ ಸಾಗುವಳಿದಾರರು ಅನ್ನಬಹುದೇನೋ. ಉಳುಮೆ ಇವರದು, ಹಕ್ಕುಪತ್ರ ಇಲ್ಲ.

ಜನ ಮುಗಿಬಿದ್ದರು. ಕಣ್ಣು ಕುಕ್ಕುವ ಬಣ್ಣ, ಮಿನುಗುವ ಅಕ್ಷರ, 'ಕಾಮಗಾರಿ ನಡೆಯುತ್ತಿದೆ' ಎಂಬ ಬೋರ್ಡಿನ ಚಿತ್ರ, ಎಷ್ಟು ಜನ ಬಂದು ಹೋದರು ಎಂದು ಎಣಿಸುವ ಮೀಟರ್. ತಿಳಿದವರು ನಕ್ಕರು. ನಾವು ನಗುವುದಿಲ್ಲ. ಅಲ್ಲಿ ಬೆಕ್ಕಿನ ಫೋಟೊ ಇದ್ದ ಹಾಗೆಯೇ ಮನೆತನದ ವಂಶಾವಳಿಯೂ ಇತ್ತು, ಸತ್ತ ಮಗುವಿನ ನೆನಪಿಗೆ ತಾಯಿ ಕಟ್ಟಿದ ಪುಟವೂ ಇತ್ತು. ಪತ್ರಿಕೆಯಲ್ಲಿ ಒಂದು ಸಾಲೂ ಬಾರದ ಜನ ಮೊದಲ ಸಲ ತಮ್ಮ ಮಾತನ್ನು ತಾವೇ ಅಚ್ಚು ಹಾಕಿಕೊಂಡದ್ದು ಅಲ್ಲಿ.

1999ರ ಜನವರಿಯಲ್ಲಿ ಯಾಹೂ ಕಂಪನಿ ಇದನ್ನು ಸುಮಾರು 357 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಅದೇ ಬೇಸಿಗೆಯಲ್ಲಿ ಹೊಸ ಷರತ್ತು ಬಂತು: ನೀವು ಹಾಕಿದ್ದನ್ನು ನಾವು ಹೇಗೆ ಬೇಕಾದರೂ ಬಳಸಬಹುದು ಅಂತ. ಜನ ರೊಚ್ಚಿಗೆದ್ದರು, ಕೆಲವರು ಪುಟದ ಬಣ್ಣವನ್ನೇ ಅಳಿಸಿ ಪ್ರತಿಭಟಿಸಿದರು. ಕಂಪನಿ ಷರತ್ತನ್ನು ತಿದ್ದಿತು. ಆದರೆ ಹಕ್ಕುಪತ್ರ ಯಾರ ಹತ್ತಿರ ಇದೆ ಅನ್ನುವುದು ಆಗಲೇ ಗೊತ್ತಾಗಿತ್ತು.

ಮುಂದಿನದು ಬೇಗ ಮುಗಿಯುತ್ತದೆ. ಜನ ಬ್ಲಾಗು, ಫೇಸ್‌ಬುಕ್ ಕಡೆ ಹೋದರು. 2009ರ ಏಪ್ರಿಲ್‌ನಲ್ಲಿ ಮುಚ್ಚುತ್ತೇವೆ ಎಂಬ ನೋಟಿಸ್ ಬಂತು. ಅಕ್ಟೋಬರ್ 26ಕ್ಕೆ ಇಡೀ ಊರನ್ನು ಆರಿಸಿದರು. ಜಪಾನಿನ ಬಡಾವಣೆ ಮಾತ್ರ 2019ರ ಮಾರ್ಚ್‌ವರೆಗೆ ಉಳಿದಿತ್ತು. ಬದುಕಿದ್ದವರು, ಪಾಸ್‌ವರ್ಡ್ ನೆನಪಿದ್ದವರು ಗಂಟುಮೂಟೆ ಕಟ್ಟಿದರು. ತೀರಿಕೊಂಡವರ ಪುಟಗಳನ್ನು ಹೊರುವವರು ಯಾರು?

ಹೊತ್ತವರೂ ಇದ್ದರು. ಜೇಸನ್ ಸ್ಕಾಟ್ ಜತೆಗಿದ್ದ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಆ ಕೆಲವೇ ತಿಂಗಳಲ್ಲಿ ಸಿಕ್ಕಷ್ಟು ಪುಟಗಳನ್ನು ನಕಲು ಮಾಡಿತು. ಮರುವರ್ಷ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಕುಗ್ಗಿಸಿದ ಮೇಲೆ ಸುಮಾರು 640 ಜಿಬಿ. ಒಂದು ಊರಿನ ನೆನಪು ಈಗ ಅಂಗೈಯಗಲದ ಹಾರ್ಡ್ ಡಿಸ್ಕಿನಲ್ಲಿ ಹಿಡಿಯುತ್ತದೆ.

ನಮಗೂ ಇದರ ಪೆಟ್ಟು ಬಿದ್ದಿದೆ. ಡಿಪ್ಲೊಮಾ ಮುಗಿಸಿದ ಹೊಸತರಲ್ಲಿ ಬರಗಾಲದ ಬೋರ್‌ವೆಲ್‌ಗಳ ಬಗ್ಗೆ ಊರೂರು ಅಲೆದು ಬರೆದದ್ದನ್ನೆಲ್ಲ ಒಂದು ಪುಕ್ಕಟೆ ಜಾಗದಲ್ಲಿ ಹಾಕಿದ್ದೆವು. ಮುಚ್ಚುವ ನೋಟಿಸ್ ನಾವು ತೆರೆಯುವುದನ್ನೇ ಬಿಟ್ಟಿದ್ದ ಇಮೇಲಿಗೆ ಬಂದಿತ್ತು. ನಕಲು ಇಟ್ಟಿರಲಿಲ್ಲ. ತಪ್ಪು ನಮ್ಮದೇ.

ಹಾಗಂತ ದುಡ್ಡು ಕೊಟ್ಟರೆ ಚಿಂತೆ ಇಲ್ಲ ಅನ್ನುವಂತಿಲ್ಲ. ಈಗ ಕಡಿಮೆ ಬಾಡಿಗೆಗೆ ಸಿಗುವ ಹೋಸ್ಟಿಂಗ್ ಹೆಚ್ಚಾಗಿ ವಠಾರವಿದ್ದ ಹಾಗೆ, ಒಂದೇ ಯಂತ್ರದಲ್ಲಿ ನೂರಾರು ಸೈಟು. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಹೋಸ್ಟಿಂಗ್ ಕಂಪನಿಯೊಂದರ ಕಟ್ಟಡ ಹೊತ್ತಿ ಉರಿದಾಗ ಬಾಡಿಗೆ ಕಟ್ಟುತ್ತಿದ್ದವರದೂ ಸುಟ್ಟುಹೋಯಿತು. ನಕಲನ್ನೂ ಅದೇ ಕಟ್ಟಡದಲ್ಲಿ ಇಟ್ಟಿದ್ದವರಿಗೆ ಏನೂ ಉಳಿಯಲಿಲ್ಲ.

ಕನ್ನಡಕ್ಕೆ ಇನ್ನೊಂದು ತೊಡಕು. ಆ ಕಾಲದ ಕನ್ನಡ ಪುಟಗಳಿಗೆ ಒಂದೊಂದಕ್ಕೆ ಒಂದೊಂದು ಫಾಂಟ್ ಬೇಕಿತ್ತು. ಆ ಫಾಂಟ್ ಇಲ್ಲದಿದ್ದರೆ ಕಾಣುವುದು ಬರೀ ಗೋಜಲು. ಡಿಟಿಪಿ ಅಂಗಡಿಯ ಹಳೇ ಫೈಲನ್ನು ಫೋನಿನಲ್ಲಿ ತೆರೆದವರಿಗೆ ಇದು ಗೊತ್ತು. ಯುನಿಕೋಡಿನಲ್ಲಿ ಟೈಪ್ ಮಾಡಿದ್ದಾದರೆ ಯಾವ ಫೋನಿನಲ್ಲೂ ಓದಬಹುದು.

ಮೇಷ್ಟ್ರಿಗೆ ಮತ್ತೆ ಫೋನ್ ಮಾಡಿದೆವು. ಪುಕ್ಕಟೆ ಜಾಗದಲ್ಲೇ ಶುರುಮಾಡಿ ಸಾರ್, ಕಲಿಯೋಕೆ ಅದೇ ಸರಿ. ಆದರೆ ಸೈಟಿನ ಹೆಸರನ್ನು, ಅಂದರೆ ಡೊಮೈನನ್ನು, ನಿಮ್ಮ ಹೆಸರಿನಲ್ಲೇ ಕೊಂಡುಕೊಳ್ಳಿ. ವರ್ಷ ವರ್ಷ ಕಂದಾಯದ ಹಾಗೆ ಕಟ್ಟಬೇಕು, ತಪ್ಪಿಸಿದರೆ ಬೇರೆಯವರ ಪಾಲಾಗುತ್ತೆ. ಹೆಸರು ನಿಮ್ಮ ಕೈಲಿದ್ದರೆ ಈ ವಠಾರ ಬಿಟ್ಟು ಇನ್ನೊಂದಕ್ಕೆ ಹೋದರೂ ಓದುವವರು ಹುಡುಕಿಕೊಂಡು ಬರುತ್ತಾರೆ. ಬರೆದದ್ದೆಲ್ಲ ಒಂದು ಪೆನ್‌ಡ್ರೈವಿನಲ್ಲಿ ನಿಮ್ಮ ಮನೆಯಲ್ಲಿರಲಿ, ಇನ್ನೊಂದು ಶಾಲೆಯಲ್ಲಿರಲಿ.

'ಟ್ರಂಕು?' ಅಂತ ಕೇಳಿದರು.

ಅದನ್ನಂತೂ ಗುಜರಿಗೆ ಹಾಕಬೇಡಿ ಅಂದೆವು. ಭಾನುವಾರ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಹೋಗುತ್ತಿದ್ದೇವೆ. ಕೆರೆಯ ನೋಟ್‌ಬುಕ್ಕಿನಿಂದಲೇ ಶುರು.