ಅತಿಥಿ ಬಿಟ್ಟುಹೋದ ಸಾಬೂನು

ಪರವೂರಿಗೆ ಹೋಗಿ ಲಾಡ್ಜಿನಲ್ಲಿ ಒಂದು ರಾತ್ರಿ ತಂಗುವವರಿಗೆ ಕೋಣೆಯ ಕೀಲಿಯ ಜೊತೆಗೆ ಒಂದು ಟವೆಲ್ಲು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಸಾಬೂನು ಸಿಗುತ್ತದೆ. ದೊಡ್ಡ ಹೋಟೆಲಾದರೆ ಶಾಂಪೂ, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು, ಪೇಸ್ಟು ಕೂಡ ಇರುತ್ತವೆ. ಬೆಳಿಗ್ಗೆ ಸ್ನಾನ ಮುಗಿಸಿ ಅತಿಥಿ ಬಸ್ಸು ಹಿಡಿಯುತ್ತಾನೆ. ಸಾಬೂನಿನ ಹೆಚ್ಚಿನ ಪಾಲು ಬಚ್ಚಲಿನಲ್ಲಿಯೇ ಉಳಿಯುತ್ತದೆ. ಹೀಗೆ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಚಿಕ್ಕದಾಗಿ ಕಾಣಬಹುದು. ಆದರೆ ಅದಕ್ಕೆ ಒಂದು ಚರಿತ್ರೆಯೇ ಇದೆ. ಶುಚಿ ಎಂದರೇನು, ಎಂಜಲು ಎಂದರೇನು ಎಂಬ ವಿಚಾರವೂ ಅದರಲ್ಲಿ ಸೇರಿಕೊಂಡಿದೆ.

ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಚಿಂತಾಕಿಯಂಥ ಊರಿನವರಿಗೆ ಈ ಪುಟ್ಟ ಸಾಬೂನಿನ ಪರಿಚಯವಾಗುವುದು ಆಸ್ಪತ್ರೆ, ಕೋರ್ಟು, ವ್ಯಾಪಾರ ಎಂದು ಬೀದರಿಗೋ ಹೈದರಾಬಾದಿಗೋ ಹೋಗಿ ತಂಗಿದಾಗ. ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿಗೆ ತಗುಲಿಕೊಂಡ ಈ ತಾಲ್ಲೂಕಿನ ಕಿರಾಣಿ ಅಂಗಡಿಗಳಲ್ಲಿ ನಾಲ್ಕು ಭಾಷೆಯ ಮಾತು ಕಿವಿಗೆ ಬೀಳುತ್ತದೆ. ಕನ್ನಡದ ಸಾಬೂನು, ಮರಾಠಿಯ ಸಾಬಣ, ತೆಲುಗಿನ ಸಬ್ಬು, ಉರ್ದುವಿನ ಸಾಬುನ್ ನಾಲ್ಕೂ ಒಂದೇ ಬೇರಿನವು. ಅರಬ್ಬಿಯ ಸಾಬೂನ್ ಎಂಬ ಪದ ಪರ್ಷಿಯನ್ ಮುಂತಾದ ಭಾಷೆಗಳವರ ಬಾಯಲ್ಲಿ ಇಲ್ಲಿಗೆ ಬಂತು. ವಸ್ತುವೂ ಹೊರಗಿನಿಂದ ಬಂದದ್ದು, ಹೆಸರೂ ಹೊರಗಿನಿಂದ ಬಂದದ್ದು ಎಂಬುದಕ್ಕೆ ಇದೇ ಸಾಕ್ಷಿ. ಅದಕ್ಕೆ ಮೊದಲು ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಕಾಯಿ, ರೇಷ್ಮೆ ಬಟ್ಟೆಗೆ ಅಂಟವಾಳ, ಪಾತ್ರೆಗೆ ಬೂದಿ ಬಳಕೆಯಲ್ಲಿದ್ದವು.

ಬೀಗರ ಬಿಡದಿ

ಅತಿಥಿಗೆ ಸ್ನಾನದ ಸಾಮಗ್ರಿ ಒದಗಿಸುವುದು ಹೋಟೆಲಿನವರು ಕಂಡುಹಿಡಿದ ಹೊಸ ಉಪಚಾರವೇನಲ್ಲ. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ಬೀದರಿನ ಕೋಟೆಯೊಳಗೆ ಅರಮನೆಯ ಹಮಾಮ್ ಇತ್ತು. ಸ್ನಾನವೆನ್ನುವುದು ರಾಜೋಪಚಾರದ ಒಂದು ಭಾಗವಾಗಿತ್ತು ಎಂಬುದನ್ನು ಆ ಕಟ್ಟಡ ಹೇಳುತ್ತದೆ.

ಸಾಮಾನ್ಯರ ಮನೆಗಳಲ್ಲಿ ಇದಕ್ಕೆ ಹತ್ತಿರವಾದದ್ದು ಮದುವೆಯ ಬಿಡದಿ. ಗಂಡಿನ ಕಡೆಯವರು ಇಳಿದುಕೊಳ್ಳುವ ಜಾಗದಲ್ಲಿ ಕೊಬ್ಬರಿ ಎಣ್ಣೆ, ಬಾಚಣಿಗೆ, ಕನ್ನಡಿ, ಹಲ್ಲುಪುಡಿ, ಪೌಡರು, ಕಾಗದ ಬಿಚ್ಚದ ಹೊಸ ಸಾಬೂನು ಜೋಡಿಸಿಡುವುದು ಹೆಣ್ಣಿನ ಕಡೆಯವರ ಜವಾಬ್ದಾರಿ. ಸಾಬೂನು ಹಳೆಯದಾಗಿದ್ದರೆ ಬೀಗರ ಮುಖ ಗಂಟಾಗುತ್ತಿತ್ತು. ಆದರೆ ಮದುವೆ ಮುಗಿದ ಮೇಲೆ ಉಳಿದ ಸಾಬೂನನ್ನು ಯಾರೂ ತಿಪ್ಪೆಗೆ ಎಸೆಯುತ್ತಿರಲಿಲ್ಲ. ಅದು ಮನೆಯ ಬಚ್ಚಲನ್ನೋ ಬಟ್ಟೆ ಒಗೆಯುವ ಕಲ್ಲನ್ನೋ ಸೇರಿ ಕೊನೆಯ ನೊರೆಯವರೆಗೂ ಸವೆಯುತ್ತಿತ್ತು. ಹೋಟೆಲಿನ ಪದ್ಧತಿ ಬೇರೆಯಾಗುವುದು ಈ ಕೊನೆಯ ಹಂತದಲ್ಲಿ.

ಒಬ್ಬರಿಗೆ ಒಂದು

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಹೋಟೆಲುಗಳಲ್ಲಿ ಸಾಬೂನನ್ನು ಪುಕ್ಕಟೆಯಾಗಿ ಕೊಡುತ್ತಿರಲಿಲ್ಲ. ಪ್ರಯಾಣಿಕರು ತಮ್ಮದನ್ನು ತಾವೇ ಒಯ್ಯಬೇಕಿತ್ತು. 1867ರಲ್ಲಿ ಯುರೋಪ್ ಸುತ್ತಿದ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಫ್ರಾನ್ಸ್ ಮತ್ತು ಇಟಲಿಯ ಹೋಟೆಲುಗಳಲ್ಲಿ ಸಾಬೂನಿಗಾಗಿ ಪಟ್ಟ ಪಾಡನ್ನು ತಮ್ಮ ಪ್ರವಾಸ ಕಥನದಲ್ಲಿ ಹಾಸ್ಯವಾಗಿ ಬರೆದಿದ್ದಾರೆ.

ಮುಂದಿನ ನಾಲ್ಕೈದು ದಶಕಗಳಲ್ಲಿ ಎರಡು ಸಂಗತಿಗಳು ಈ ಸ್ಥಿತಿಯನ್ನು ಬದಲಿಸಿದವು. ಮೊದಲನೆಯದು ಸ್ನಾನದ ಮನೆಯು ಕೋಣೆಯೊಳಕ್ಕೆ ಬಂದದ್ದು. 1908ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಎಲ್ಸ್‌ವರ್ತ್ ಸ್ಟ್ಯಾಟ್ಲರ್ ತೆರೆದ ಹೋಟೆಲಿನಲ್ಲಿ ಪ್ರತಿ ಕೋಣೆಗೂ ಪ್ರತ್ಯೇಕ ಸ್ನಾನದ ಮನೆ ಇತ್ತು. ಒಂದೂವರೆ ಡಾಲರಿಗೆ ಕೋಣೆಯೂ ಸ್ನಾನವೂ ಎಂಬುದು ಅದರ ಜಾಹೀರಾತಾಗಿತ್ತು. ಎರಡನೆಯದು ರೋಗಾಣುವಿನ ಭಯ. ಕಾಣದ ಜೀವಿಗಳಿಂದ ಕಾಯಿಲೆ ಹರಡುತ್ತದೆ ಎಂಬುದು ಜನರಿಗೆ ಮನದಟ್ಟಾದಂತೆ ಹತ್ತು ಜನ ಮುಟ್ಟಿದ ವಸ್ತುವಿನ ಬಗ್ಗೆ ಅಂಜಿಕೆ ಹುಟ್ಟಿತು. ಅಮೆರಿಕದ ಕ್ಯಾನ್ಸಾಸ್ ರಾಜ್ಯ 1909ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಎಲ್ಲರೂ ಒಂದೇ ಲೋಟದಲ್ಲಿ ನೀರು ಕುಡಿಯುವುದನ್ನು ನಿಷೇಧಿಸಿತು. ಕಾಗದದ ಲೋಟ ಬಂದದ್ದು ಆ ಕಾಲದಲ್ಲಿಯೇ. ಕಾಗದ ಸುತ್ತಿದ ಒಂಟಿ ಸಾಬೂನು ಕೂಡ ಇದೇ ಮನೋಭಾವದ ಕೂಸು. ಇದನ್ನು ನಿಮಗಿಂತ ಮೊದಲು ಯಾರೂ ಮುಟ್ಟಿಲ್ಲ ಎಂಬ ಭರವಸೆಯನ್ನು ಅದರ ಹೊದಿಕೆ ಕೊಡುತ್ತಿತ್ತು.

ಭಾರತದಲ್ಲಿಯೂ ಅದೇ ಕಾಲಕ್ಕೆ ಸಾಬೂನು ಮನೆಮಾತಾಗುತ್ತಿತ್ತು. ಇಂಗ್ಲೆಂಡಿನ ಸನ್‌ಲೈಟ್ ಸಾಬೂನು 1888ರಲ್ಲಿ ಕಲ್ಕತ್ತೆಯ ಬಂದರಿಗೆ ಬಂದಿತ್ತು. ಮೊದಲ ಮಹಾಯುದ್ಧದಿಂದಾಗಿ ಗಂಧದ ಮರವನ್ನು ಜರ್ಮನಿಗೆ ಕಳುಹಿಸುವುದು ನಿಂತುಹೋದಾಗ ಮೈಸೂರು ಸಂಸ್ಥಾನ ಅದರ ಎಣ್ಣೆಯನ್ನು ತಾನೇ ತೆಗೆಯಲು ನಿರ್ಧರಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಗಂಧದೆಣ್ಣೆಯ ಕೆಲಸ ಆರಂಭವಾಯಿತು. ಅದರ ಬೆನ್ನಿಗೇ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಲ್ಲಿ ಮೈಸೂರು ಸ್ಯಾಂಡಲ್ ಸೋಪು ಸಿದ್ಧವಾಯಿತು. ಸಾಬೂನು ತಯಾರಿಕೆಯನ್ನು ಇಂಗ್ಲೆಂಡಿನಲ್ಲಿ ಕಲಿತುಬಂದ ಎಸ್.ಜಿ. ಶಾಸ್ತ್ರಿಯವರು ‘ಸೋಪು ಶಾಸ್ತ್ರಿ’ ಎಂದೇ ಹೆಸರಾದರು. ನೆಂಟರು ಬಂದಾಗ ಮಾತ್ರ ಗಂಧದ ಸಾಬೂನನ್ನು ಬಚ್ಚಲಿನಲ್ಲಿಟ್ಟು, ಅವರು ಹೋದ ಮೇಲೆ ಒರೆಸಿ ಪೆಟ್ಟಿಗೆಗೆ ಸೇರಿಸುತ್ತಿದ್ದ ಮನೆಗಳು ಕಡಿಮೆಯೇನಿರಲಿಲ್ಲ. ಬೀದರ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ.

ಎಂಜಲೋ, ಅಲ್ಲವೋ?

ಇಲ್ಲೊಂದು ವಿಚಿತ್ರವಿದೆ. ಮನೆಯಲ್ಲಿ ಅಜ್ಜನಿಂದ ಮೊಮ್ಮಗನವರೆಗೆ ಹತ್ತು ಜನ ಒಂದೇ ಸಾಬೂನಿನಲ್ಲಿ ಕೈ ತೊಳೆಯುತ್ತಾರೆ. ಸವೆದು ಬಿಲ್ಲೆಯಾದ ತುಣುಕನ್ನು ಹೊಸ ಸಾಬೂನಿನ ಬೆನ್ನಿಗೆ ಒತ್ತಿ ಅಂಟಿಸುತ್ತಾರೆ. ಅದು ಎಂಜಲಲ್ಲ. ಆದರೆ ಹೋಟೆಲಿನಲ್ಲಿ ಅಪರಿಚಿತನೊಬ್ಬ ಒಂದೇ ಸಲ ಮುಟ್ಟಿದ ಸಾಬೂನು ಇನ್ನೊಬ್ಬರಿಗೆ ಸಲ್ಲದ ವಸ್ತುವಾಗುತ್ತದೆ.

ವಿಜ್ಞಾನ ಇದನ್ನು ಪರೀಕ್ಷಿಸಿದೆ. 1988ರಲ್ಲಿ ಅಮೆರಿಕದ ಸಾಬೂನು ಕಂಪೆನಿಯೊಂದರ ವಿಜ್ಞಾನಿಗಳು ಬೇಕೆಂದೇ ಬ್ಯಾಕ್ಟೀರಿಯಾ ಸವರಿದ ಸಾಬೂನಿನಿಂದ 16 ಜನರ ಕೈ ತೊಳೆಸಿ ನೋಡಿದರು. ತೊಳೆದ ಕೈಗಳಲ್ಲಿ ಆ ಬ್ಯಾಕ್ಟೀರಿಯಾ ಪತ್ತೆಯಾಗುವ ಮಟ್ಟದಲ್ಲಿ ಉಳಿದಿರಲಿಲ್ಲ. ಪರೀಕ್ಷೆ ನಡೆಸಿದವರು ಸಾಬೂನು ಮಾರುವವರೇ ಎಂಬುದನ್ನು ನೆನಪಿನಲ್ಲಿಡಬೇಕು. ಆದರೂ ನೊರೆ ಮತ್ತು ನೀರು ಕೊಳೆಯೊಂದಿಗೆ ರೋಗಾಣುವನ್ನೂ ಕೊಚ್ಚಿಕೊಂಡು ಹೋಗುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಹೋಟೆಲಿನ ಸಾಬೂನನ್ನು ಎಸೆಯುವುದಕ್ಕೆ ಮುಖ್ಯ ಕಾರಣ ರೋಗವಲ್ಲ, ನಂಬಿಕೆ. ಬಾಡಿಗೆ ಕೊಟ್ಟ ಅತಿಥಿ ಹೊಸದನ್ನೇ ನಿರೀಕ್ಷಿಸುತ್ತಾನೆ; ಅದು ತಪ್ಪಲ್ಲ. ಎಸೆಯುವುದೊಂದೇ ದಾರಿಯೇ ಎಂಬುದು ಪ್ರಶ್ನೆ.

ಸಾಮಾನ್ಯವಾಗಿ ನಡೆಯುವುದು ಇಷ್ಟು. ಪೊಟ್ಟಣ ಒಡೆಯದಿದ್ದರೆ ಅದು ಮುಂದಿನ ಅತಿಥಿಗೆ ಸಲ್ಲುತ್ತದೆ. ಒಡೆದದ್ದು ಕಸದ ಬುಟ್ಟಿಗೆ ಬೀಳುತ್ತದೆ. ಕೆಲವೆಡೆ ಕೋಣೆ ಗುಡಿಸುವವರು ಬಟ್ಟೆ ಒಗೆಯಲು ಒಯ್ಯುತ್ತಾರೆ. ಲೆಕ್ಕ ಹಾಕಿ ನೋಡಿದರೆ ಇದು ಸಣ್ಣ ಪ್ರಮಾಣವಲ್ಲ. 50 ಕೋಣೆಗಳ ಒಂದು ಹೋಟೆಲು ದಿನಕ್ಕೆ ಕೋಣೆಗೊಂದರಂತೆ 15 ಗ್ರಾಮಿನ ಸಾಬೂನು ಕೊಟ್ಟು, ಅತಿಥಿ 5 ಗ್ರಾಮನ್ನು ಬಳಸಿದ ಎಂದಿಟ್ಟುಕೊಳ್ಳೋಣ. ದಿನಕ್ಕೆ ಅರ್ಧ ಕಿಲೋ, ವರ್ಷಕ್ಕೆ 180 ಕಿಲೋಗೂ ಹೆಚ್ಚು ಸಾಬೂನು ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವ 100 ಗ್ರಾಮಿನ ಸಾಬೂನಿನ ಲೆಕ್ಕದಲ್ಲಿ ಅದು 1,800 ಸಾಬೂನುಗಳಿಗೆ ಸಮ.

ಮತ್ತೆ ಸಾಬೂನು

ಈ ಲೆಕ್ಕ ಇಬ್ಬರ ತಲೆಯಲ್ಲಿ ಬೇರೆ ಬೇರೆಯಾಗಿ ಹೊಳೆಯಿತು. ಒಬ್ಬರು ಡೆರೆಕ್ ಕಯೊಂಗೊ. ಉಗಾಂಡದಲ್ಲಿ ಹುಟ್ಟಿದ ಇವರ ತಂದೆ ಸಾಬೂನು ತಯಾರಕರು. ದೇಶದ ದಂಗೆಯಿಂದಾಗಿ ಕುಟುಂಬ ಕೀನ್ಯಕ್ಕೆ ವಲಸೆ ಹೋಯಿತು. ಕಯೊಂಗೊ 1990ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ಫಿಲಡೆಲ್ಫಿಯಾದ ಹೋಟೆಲಿನಲ್ಲಿ ಇಳಿದಾಗ, ದಿನವೂ ಹೊಸ ಸಾಬೂನು ಬರುವುದನ್ನು ಕಂಡು ಅದಕ್ಕೆ ಹಣ ಕೊಡಬೇಕಾದೀತೆಂದು ಹೆದರಿದರು. ಬಳಸಿದ್ದನ್ನು ಎಸೆಯುತ್ತಾರೆ ಎಂದು ತಿಳಿದಾಗ ನಿರಾಶ್ರಿತರ ಶಿಬಿರಗಳಲ್ಲಿ ಸಾಬೂನಿಗೆ ಇದ್ದ ಬರ ಅವರಿಗೆ ನೆನಪಾಯಿತು. 2009ರಲ್ಲಿ ಅವರು ಗ್ಲೋಬಲ್ ಸೋಪ್ ಪ್ರಾಜೆಕ್ಟ್ ಎಂಬ ಸಂಸ್ಥೆ ಕಟ್ಟಿದರು.

ಇನ್ನೊಬ್ಬರು ಶಾನ್ ಸೈಪ್ಲರ್. ಕಂಪೆನಿಯ ಕೆಲಸದ ಮೇಲೆ ಸದಾ ಹೋಟೆಲುಗಳಲ್ಲಿ ತಂಗುತ್ತಿದ್ದ ಇವರು ಉಳಿದ ಸಾಬೂನು ಏನಾಗುತ್ತದೆ ಎಂದು ಹೋಟೆಲಿನವರನ್ನೇ ಕೇಳಿದರು. ಅದೇ 2009ರಲ್ಲಿ ಆರ್ಲ್ಯಾಂಡೊದಲ್ಲಿ ಕ್ಲೀನ್ ದ ವರ್ಲ್ಡ್ ಎಂಬ ಸಂಸ್ಥೆ ಆರಂಭವಾಯಿತು. ಮೊದಲ ದಿನಗಳಲ್ಲಿ ಒಂದು ಗ್ಯಾರೇಜಿನಲ್ಲಿ ಮನೆಯವರೆಲ್ಲ ಕೂತು ಆಲೂಗಡ್ಡೆ ಹೆರೆಯುವ ಚಾಕುವಿನಿಂದ ಸಾಬೂನಿನ ಮೇಲ್ಪದರ ಹೆರೆಯುತ್ತಿದ್ದರು. ಮಾಂಸ ಅರೆಯುವ ಯಂತ್ರದಲ್ಲಿ ಅದನ್ನು ಪುಡಿಮಾಡಿ, ಅಡುಗೆಯ ಪಾತ್ರೆಯಲ್ಲಿ ಬೇಯಿಸಿ ಅಚ್ಚು ಹಾಕುತ್ತಿದ್ದರು. ಮುಂದೆ ಈ ಎರಡೂ ಸಂಸ್ಥೆಗಳು ಒಂದಾದವು.

ಭಾರತದಲ್ಲಿ ಈ ಕೆಲಸ ಮುಂಬೈಯಲ್ಲಿ ನಡೆದಿದೆ. ಎರಿನ್ ಝೈಕಿಸ್ ಎಂಬ ಅಮೆರಿಕದ ಯುವತಿ ಕಟ್ಟಿದ ‘ಸುಂದರ’ ಎಂಬ ಸಂಸ್ಥೆ ಅಲ್ಲಿಯ ಹೋಟೆಲುಗಳಿಂದ ಸಾಬೂನು ಸಂಗ್ರಹಿಸಿ, ಬಡ ಕುಟುಂಬಗಳ ಹೆಂಗಸರಿಗೆ ಸಂಬಳ ಕೊಟ್ಟು ಹೊಸ ಸಾಬೂನು ಮಾಡಿಸುತ್ತ ಬಂತು. ಹೋಟೆಲುಗಳಿಗೆ ಶುಚಿಗೊಳಿಸುವ ಸಾಮಗ್ರಿ ಮಾರುವ ಡೈವರ್ಸಿ ಎಂಬ ಕಂಪೆನಿಯು ‘ಸೋಪ್ ಫಾರ್ ಹೋಪ್’ ಯೋಜನೆಯನ್ನು ಹಲವು ದೇಶಗಳಲ್ಲಿ ನಡೆಸಿದೆ. ಅದರಲ್ಲಿ ಬಳಸುವ ಕೈಯಂತ್ರಕ್ಕೆ ವಿದ್ಯುತ್ತಿನ ಅಗತ್ಯವಿಲ್ಲ.

ವಿಧಾನ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಮೇಲ್ಪದರ ಹೆರೆಯುವುದು, ಕೂದಲು ಕಸ ತೆಗೆಯುವುದು, ಪುಡಿಮಾಡುವುದು, ಶಾಖದಿಂದ ಅಥವಾ ರಾಸಾಯನಿಕದಿಂದ ರೋಗಾಣು ಕೊಲ್ಲುವುದು, ಅಚ್ಚಿನಲ್ಲಿ ಒತ್ತುವುದು. ಶಾಂಪೂವಿನ ವಿಷಯ ಇಷ್ಟು ಸಲೀಸಲ್ಲ. ಬಾಟಲಿಯಲ್ಲಿ ಉಳಿದ ದ್ರವವನ್ನು ಒಟ್ಟುಗೂಡಿಸಿ ಶುದ್ಧಗೊಳಿಸುವುದು ಕಷ್ಟ. ಪ್ಲಾಸ್ಟಿಕ್ ಬೇರೆ ಉಳಿಯುತ್ತದೆ.

ಗೋಡೆಯ ಬಾಟಲಿ

ಆ ಪ್ಲಾಸ್ಟಿಕ್ಕಿನ ಕಾರಣದಿಂದಲೇ ಪುಟ್ಟ ಬಾಟಲಿಗಳ ಕಾಲ ಮುಗಿಯತೊಡಗಿದೆ. 2019ರಲ್ಲಿ ಐಎಚ್‌ಜಿ, ಮ್ಯಾರಿಯಟ್ ಎಂಬ ಎರಡು ಭಾರೀ ಹೋಟೆಲು ಸಮೂಹಗಳು ಪುಟ್ಟ ಬಾಟಲಿ ಬಿಟ್ಟು ದೊಡ್ಡ ಬಾಟಲಿಗಳನ್ನು ಇಡುವುದಾಗಿ ಪ್ರಕಟಿಸಿದವು. ಅದೇ ವರ್ಷ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ ಅಂಥ ಬಾಟಲಿಗಳನ್ನು ನಿಲ್ಲಿಸುವ ಕಾನೂನು ಮಾಡಿತು. 50ಕ್ಕಿಂತ ಹೆಚ್ಚು ಕೋಣೆಗಳ ಹೋಟೆಲುಗಳಿಗೆ ಅದು 2023ರಿಂದಲೂ ಉಳಿದವಕ್ಕೆ 2024ರಿಂದಲೂ ಅನ್ವಯಿಸಿತು. ಯುರೋಪಿನ ಒಕ್ಕೂಟದ ಹೊಸ ನಿಯಮದಂತೆ ಅಲ್ಲಿ 2030ರಿಂದ ಹೋಟೆಲಿನ ಪುಟ್ಟ ಪ್ಲಾಸ್ಟಿಕ್ ಬಾಟಲಿಗಳಿಗೆ ನಿಷೇಧ ಬರಲಿದೆ. ಗೋಡೆಗೆ ಸಿಕ್ಕಿಸಿದ ಬಾಟಲಿಯಿಂದ ಹತ್ತಾರು ಅತಿಥಿಗಳು ಸಾಬೂನು ಪಡೆಯುತ್ತಾರೆ. ಒಬ್ಬರಿಗೊಂದು ಎಂದು ನೂರು ವರ್ಷದ ಹಿಂದೆ ಹೊರಟ ಪದ್ಧತಿ ಮತ್ತೆ ಎಲ್ಲರಿಗೂ ಒಂದು ಎಂಬಲ್ಲಿಗೆ ಬಂದು ನಿಂತಿದೆ.

ಆದರೆ ಸಣ್ಣ ಊರುಗಳ ಲಾಡ್ಜುಗಳಲ್ಲಿ ಪೊಟ್ಟಣದ ಸಾಬೂನು ಇನ್ನೂ ಬಹುಕಾಲ ಇದ್ದೀತು. ಉಳಿದದ್ದರ ಬೆಲೆ ಗೊತ್ತಾಗುವುದು ಸಾಬೂನು ಇಲ್ಲದ ಕಡೆ. 2018ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನ ಪ್ರಕಾರ ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯುವ ರೂಢಿ ದೇಶದ ಶೇ 35.8 ಮನೆಗಳಲ್ಲಿ ಮಾತ್ರ ಇತ್ತು. ಹಳ್ಳಿಗಳಲ್ಲಿ ಈ ಪ್ರಮಾಣ ಶೇ 25.3. ಕರಾಚಿಯ ಕೊಳೆಗೇರಿಗಳಲ್ಲಿ ನಡೆದು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಬೂನು ಕೊಟ್ಟು ಕೈ ತೊಳೆಯಲು ಹೇಳಿಕೊಟ್ಟ ಮನೆಗಳ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧದಷ್ಟು ಕಡಿಮೆಯಾಗಿತ್ತು. ಹದಿನೈದರೊಳಗಿನ ಮಕ್ಕಳಲ್ಲಿ ಭೇದಿ ಅರ್ಧಕ್ಕಿಂತ ತುಸು ಹೆಚ್ಚೇ ತಗ್ಗಿತ್ತು. ಔಷಧ ಬೆರೆತ ಸಾಬೂನಿನಷ್ಟೇ ಸಾದಾ ಸಾಬೂನೂ ಕೆಲಸ ಮಾಡಿತು ಎಂಬುದು ಗಮನಾರ್ಹ.

ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಬೀದರವೂ ಒಂದು. ಚಿಂತಾಕಿಯ ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಶಾಲೆಯಲ್ಲಿಯೇ ಮಧ್ಯಾಹ್ನದ ಬಿಸಿಯೂಟ ಸಿಗುತ್ತದೆ. ಊಟಕ್ಕೆ ಮುಂಚೆ ಮಕ್ಕಳು ಸಾಲುಗಟ್ಟಿ ನಿಲ್ಲುವುದು ನಲ್ಲಿಯ ಮುಂದೆ. ಐವತ್ತು ಕೋಣೆಗಳ ಹೋಟೆಲೊಂದು ವರ್ಷದಲ್ಲಿ ಕಸಕ್ಕೆ ಹಾಕುವ ಸಾಬೂನು ಇಂಥ ಶಾಲೆಯೊಂದಕ್ಕೆ ದಿನಕ್ಕೆ ನಾಲ್ಕೈದು ಸಾಬೂನಿನಂತೆ ಇಡೀ ವರ್ಷಕ್ಕೆ ಒದಗುವಷ್ಟಿದೆ. ಅದನ್ನು ಹೆರೆದು, ಬೇಯಿಸಿ, ಒತ್ತಿ ಹೊಸದು ಮಾಡುವ ಕೆಲಸಕ್ಕೆ ಭಾರೀ ಬಂಡವಾಳ ಬೇಕಿಲ್ಲ ಎಂಬುದನ್ನು ಆರ್ಲ್ಯಾಂಡೊದ ಗ್ಯಾರೇಜೂ ಮುಂಬೈಯ ಹೆಂಗಸರೂ ತೋರಿಸಿಕೊಟ್ಟಿದ್ದಾರೆ.